ಎಂಟು ಬಾಯಿಯ ಪೆಟ್ಟಿಗೆ

ನಮ್ಮ ಕಡೆ ನಾಟಕ ಕೆಟ್ಟರೆ ಬೈಸಿಕೊಳ್ಳುವುದಕ್ಕೆ ಒಂದು ಸರದಿ ಇದೆ. ಮೊದಲು ಹಾರ್ಮೋನಿಯಂ ಮೇಷ್ಟ್ರು. ಶ್ರುತಿ ಏರಿಸಿಕೊಟ್ಟು ದುರ್ಯೋಧನನ ಗಂಟಲು ಕೆಡಿಸಿದರು ಅನ್ನುವ ಆರೋಪ ಅವರ ಮೇಲೆ. ಆಮೇಲೆ ಮೈಕ್ ಸೆಟ್ಟಿನವನು. ಆಮೇಲೆ ಸೀನರಿಯವನು, ಅರಮನೆಯ ಪರದೆ ಬೀಳಬೇಕಾದ ಕಡೆ ಕಾಡಿನ ಪರದೆ ಇಳಿಬಿಟ್ಟದ್ದಕ್ಕೆ. ಕಟ್ಟಕಡೆಗೆ ಲೈಟಿನವನು. ಅವನು ಕಡೆಯವನಾದದ್ದಕ್ಕೆ ಗೌರವ ಕಾರಣ ಅಂದುಕೊಳ್ಳಬೇಡಿ. ಅಂಥವನೊಬ್ಬ ಇದ್ದಾನೆ ಅನ್ನುವುದು ಬೆಳಕು ಹೋದಾಗಷ್ಟೇ ಜನಕ್ಕೆ ನೆನಪಾಗುತ್ತದೆ. ಕರಿಘಟ್ಟದ ತಪ್ಪಲಿನ ಊರುಗಳಲ್ಲಿ ಆ ಕಡೆಯವನ ಕೆಲಸ ನನ್ನದು.

ನಮ್ಮ ಮಂಡ್ಯದವರಿಗೆ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ‘ಕುರುಕ್ಷೇತ್ರ’, ‘ರಾಮಾಂಜನೇಯ ಯುದ್ಧ’, ‘ದಾನಶೂರ ಕರ್ಣ’, ‘ಶನಿಪ್ರಭಾವ’. ಇವನ್ನೇ ಆಡಿದವರು ಮತ್ತೆ ಆಡುತ್ತಾರೆ, ನೋಡಿದವರು ಮತ್ತೆ ನೋಡುತ್ತಾರೆ. ಇದರಲ್ಲಿ ಒಂದು ವಿಶೇಷವಿದೆ: ಬಣ್ಣ ಹಚ್ಚುವವನೇ ದುಡ್ಡನ್ನೂ ಹಾಕಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು, ದ್ವಾರಪಾಲಕನಿಗೆ ಕಮ್ಮಿ. ಹಾಗೆ ಕೂಡಿದ ಹಣದಲ್ಲಿ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರ ಖರ್ಚು, ಮೈಕು, ಅನ್ನ ಸಾರು ಎಲ್ಲ ಕಳೆದು ತಳದಲ್ಲಿ ಏನಾದರೂ ಉಳಿದಿದ್ದರೆ ಅದು ಲೈಟಿನದು. ನಾನು ಕೊಳ್ಳುವ ಸಾಮಾನೆಲ್ಲ ಅಗ್ಗದ್ದೇ ಯಾಕೆ ಅನ್ನುವುದಕ್ಕೆ ಇಷ್ಟು ವಿವರಣೆ ಸಾಕು.

ಕರಿಘಟ್ಟ ಬೆಟ್ಟದ ಮೇಲಿನ ಶ್ರೀನಿವಾಸನನ್ನು ನಮ್ಮವರು ಬೈರಾಗಿ ವೆಂಕಟರಮಣ ಅನ್ನುತ್ತಾರೆ. ಬೇಸಿಗೆಯಲ್ಲಿ ಅವನಿಗೆ ಕೈಮುಗಿದು ಮುಸ್ಸಂಜೆ ಮೆಟ್ಟಿಲಿಳಿಯುವಾಗ ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ಬಯಲು, ಗದ್ದೆ, ಕಬ್ಬು, ಆಚೆಗೆ ಗಂಜಾಂ, ಶ್ರೀರಂಗಪಟ್ಟಣ ಕಾಣುತ್ತವೆ. ಕತ್ತಲು ಕವಿಯುತ್ತಿದ್ದಂತೆ ಇಂದು ಯಾವ ಊರಲ್ಲಿ ನಾಟಕ ಅನ್ನುವುದು ಸೀರಿಯಲ್ ಸೆಟ್ಟಿನಿಂದಲೇ ಗೊತ್ತಾಗುತ್ತದೆ. ನನಗೆ ಅಲ್ಲಿ ನಿಂತು ನೋಡುವಷ್ಟು ಪುರುಸೊತ್ತು ಸಿಗುವುದು ಬಲು ಅಪರೂಪ. ಆ ಹೊತ್ತಿಗೆ ಯಾವುದೋ ಪೆಂಡಾಲಿನ ಕೆಳಗೆ ಕೇಬಲ್ ಎಳೆಯುತ್ತಿರುತ್ತೇನೆ.

ಕರೆಂಟಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹಿರಿತನವಿದೆ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತು. ಹುಟ್ಟಿದ್ದು ಇಲ್ಲಿ, ಹೋದದ್ದು ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. ನಮ್ಮೂರ ರಂಗಕ್ಕೆ ಅದು ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಭೀಮ ಗದೆ ತಿರುಗಿಸಿದ್ದು ಗ್ಯಾಸ್‌ಲೈಟಿನ ಸದ್ದಿನಲ್ಲಿ. ನಾನು ಚಿಕ್ಕವನಾಗಿದ್ದಾಗ ಬಿದಿರಿನ ಅಟ್ಟದ ಮೇಲೆ ಫೋಕಸ್ ಲೈಟಿನ ಮಾವ ಕೂತಿರುತ್ತಿದ್ದರು. ಲೈಟಿನ ಮುಂದೆ ಬಣ್ಣದ ಜಿಲೆಟಿನ್ ಹಾಳೆ ಅಂಟಿಸಿದ ಚಕ್ರ. ಕೋಪಕ್ಕೆ ಕೆಂಪು, ಶೃಂಗಾರಕ್ಕೆ ಗುಲಾಬಿ, ದೇವರಿಗೆ ಹಸಿರು. ಅವರ ಬೆರಳೇ ಅವರ ಕಂಟ್ರೋಲು. ಊರು ದೊಡ್ಡದಾದ ಕಡೆ ಉಪ್ಪುನೀರಿನ ಡಿಮ್ಮರುಗಳೂ ಇದ್ದವು. ನೀರಿಗೆ ಉಪ್ಪು ಹಾಕಿ, ಲೋಹದ ತುಂಡನ್ನು ಇಳಿಬಿಟ್ಟು ಮೇಲೆತ್ತಿ ಬೆಳಕನ್ನು ಏರಿಸಿ ಇಳಿಸುವ ಉಪಾಯ. ಮುಟ್ಟಿದರೆ ಮನುಷ್ಯನೂ ಆರಿಹೋಗುತ್ತಿದ್ದ, ಅದು ಬೇರೆ ಮಾತು. ಕಲ್ಕತ್ತೆಯ ತಾಪಸ್ ಸೇನ್ 1959ರಲ್ಲಿ ‘ಅಂಗಾರ್’ ನಾಟಕದ ಗಣಿಯೊಳಗೆ ಬರೀ ಬೆಳಕಿನಿಂದ ಪ್ರವಾಹ ನುಗ್ಗಿಸಿದ್ದರು. ಕನ್ನಡದಲ್ಲಿ ವಿ. ರಾಮಮೂರ್ತಿಯವರು ಬೆಳಕಿನ ವಿನ್ಯಾಸವನ್ನೇ ಕಸುಬಾಗಿಸಿಕೊಂಡು ಹೆಸರು ಮಾಡಿದರು. ಇವರಿಗೆಲ್ಲ ಈಗಿನ ಹುಡುಗರ ಕೈಲಿರುವ ಸಲಕರಣೆಯಲ್ಲಿ ಕಾಲುಭಾಗವೂ ಇರಲಿಲ್ಲ. ನಮ್ಮ ಕೈಲಿ ಎಲ್ಲ ಇದೆ, ವಿಶ್ವರೂಪಕ್ಕೆ ಸರಿಯಾಗಿ ಅದು ಕೈಕೊಡುತ್ತದೆ.

ಈಗಿನ ಲೈಟುಗಳು ಮಾತು ಕೇಳುವುದು ಡಿಎಂಎಕ್ಸ್ ಅನ್ನುವ ಕಟ್ಟಳೆಯ ಪ್ರಕಾರ. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು 1986ರಲ್ಲಿ ಇದನ್ನು ರೂಪಿಸಿತು. ಅದಕ್ಕೆ ಮುಂಚೆ ಬಹಳ ಕಡೆ ಪ್ರತಿ ಡಿಮ್ಮರಿಗೂ ಒಂದೊಂದು ತಂತಿ ಎಳೆಯಬೇಕಿತ್ತು. ಇದರಲ್ಲಿ ಒಂದೇ ಕೇಬಲ್ಲಿನಲ್ಲಿ 512 ಚಾನೆಲ್ಲುಗಳು. ಪ್ರತಿಯೊಂದಕ್ಕೂ ಸೊನ್ನೆಯಿಂದ 255ರವರೆಗೆ ಒಂದು ಬೆಲೆ. ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್ಟುಗಳ ವೇಗದಲ್ಲಿ ಹರಿಯುತ್ತದೆ. ಅಂದರೆ ಒಂದು ಬಿಟ್ಟಿನ ಆಯುಸ್ಸು ನಾಲ್ಕು ಮೈಕ್ರೊಸೆಕೆಂಡು. 512ನ್ನೂ ಪೂರ್ತಿ ಕಳಿಸಿದರೂ ಸೆಕೆಂಡಿಗೆ ಸುಮಾರು 44 ಸಲ ಸುತ್ತು ಬರುತ್ತದೆ. ಏಳು ಚಾನೆಲ್ಲಿನ ಎಲ್‌ಇಡಿ ಪಾರ್ ಲೈಟು ಒಂದರ ವಿಳಾಸ 1 ಆದರೆ, ಪಕ್ಕದ್ದರ ವಿಳಾಸ 8. ಸಂಕೇತ ಹೋಗುವುದು ಎರಡು ತಂತಿಗಳಲ್ಲಿ, ಒಂದಕ್ಕೊಂದು ವಿರುದ್ಧವಾಗಿ. ಲೈಟು ಅವೆರಡರ ವ್ಯತ್ಯಾಸವನ್ನಷ್ಟೇ ಓದುತ್ತದೆ. ದಾರಿಯಲ್ಲಿ ಜನರೇಟರಿನ ಗಲಾಟೆ ಎರಡಕ್ಕೂ ಸಮನಾಗಿ ತಗುಲಿದರೆ ಕಳೆದಾಗ ಅದು ಹೊರಟುಹೋಗುತ್ತದೆ. ಅಚ್ಚುಕಟ್ಟಾದ ವ್ಯವಸ್ಥೆ.

ಕಷ್ಟ ಇರುವುದು ಜೋಡಣೆಯಲ್ಲಿ. ಒಂದು ಲೈಟಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸರಪಳಿಯಾಗಿ ಹೋಗಬೇಕು. ಒಂದು ಸಾಲಿನಲ್ಲಿ 32ಕ್ಕಿಂತ ಹೆಚ್ಚು ಸಾಧನ ಕೂಡದು. ಕಡೆಯ ಲೈಟಿನ ಬಾಯಿಗೆ 120 ಓಮ್‌ನ ರೆಸಿಸ್ಟರ್ ಹಾಕಿ ಮುಚ್ಚಬೇಕು. ಇಲ್ಲದಿದ್ದರೆ ಸಂಕೇತ ತುದಿಗೆ ಬಡಿದು ವಾಪಸು ಬಂದು ಹಿಂದೆ ಬರುತ್ತಿರುವುದನ್ನು ಕಲಕುತ್ತದೆ. ಮಧ್ಯದಲ್ಲಿ ಒಂದು ಕೇಬಲ್ ಸಡಿಲವಾದರೆ ಅಲ್ಲಿಂದಾಚೆ ಎಲ್ಲವೂ ಸತ್ತ ಹಾಗೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತನ ಪಾಡೇ ಸರಪಳಿಯ ಕೊನೆಯ ಲೈಟಿನ ಪಾಡು: ಮೇಲಿನವರು ನೆಟ್ಟಗಿದ್ದರೆ ಇವನಿಗೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಂತ ಕೇಬಲ್ಲನ್ನು ನಡುವೆ ಸುಲಿದು ಎರಡು ಕವಲು ಮಾಡುವಂತಿಲ್ಲ. ಮಾಡುವವರಿದ್ದಾರೆ, ಟೆಸ್ಟಿಂಗಿನಲ್ಲಿ ಕೆಲಸವನ್ನೂ ಮಾಡುತ್ತದೆ. ನಾಟಕದ ಹೊತ್ತಿಗೆ ಲೈಟುಗಳಿಗೆ ಮೈಮೇಲೆ ಬರುತ್ತದೆ.

ಕವಲು ಬೇಕಾದರೆ ಸ್ಪ್ಲಿಟರ್ ಬೇಕು. ಒಂದು ಬಾಯಿಂದ ಸಂಕೇತ ತೆಗೆದುಕೊಂಡು, ಹೊಸದಾಗಿ ಬಲ ತುಂಬಿ, ಎಂಟು ಬಾಯಿಂದ ಕೊಡುವ ಪೆಟ್ಟಿಗೆ. ನಮ್ಮ ಹುಡುಗರು ಬೂಸ್ಟರ್ ಅಂತಲೂ ಅನ್ನುತ್ತಾರೆ. ಎಡಗಡೆಯ ಸಾಲು, ಬಲಗಡೆಯ ಸಾಲು, ಮುಂದಿನ ಟ್ರಸ್ಸು, ಹಿಂದಿನ ಪರದೆ, ಹೊರಗಿನ ಕಮಾನು, ಹೀಗೆ ಒಂದೊಂದಕ್ಕೆ ಒಂದೊಂದು ಬಾಯಿ. ಒಳ್ಳೆಯ ಪೆಟ್ಟಿಗೆಯಾದರೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನಿಜವಾಗಿ ಅದೇ ದೊಡ್ಡ ಕೆಲಸ: ಒಂದು ಸಾಲಿನ ವಿದ್ಯುತ್ತು ಇನ್ನೊಂದು ಸಾಲಿಗೆ ದಾಟದಂತೆ ತಡೆಯುವುದು. ಒಳಗಿರುವ ಆಪ್ಟೊ ಅನ್ನುವ ಪುಟ್ಟ ಚಿಪ್ಪಿನಲ್ಲಿ ಒಂದು ಕಡೆ ದೀಪ, ಇನ್ನೊಂದು ಕಡೆ ಅದನ್ನು ನೋಡುವ ಕಣ್ಣು. ಸಂಕೇತ ಬೆಳಕಾಗಿ ದಾಟುತ್ತದೆ, ತಂತಿಯ ಸಂಬಂಧ ಕಡಿಯುತ್ತದೆ.

ಈ ತಡೆ ನಮ್ಮೂರಲ್ಲಿ ಎಷ್ಟು ಮುಖ್ಯ ಅನ್ನುವುದನ್ನು ಬಾಡಿಗೆಗೆ ತಂದ ಪೆಟ್ಟಿಗೆಯೊಂದು ತೋರಿಸಿತು. ರಂಗಕ್ಕೆ ಜನರೇಟರಿನ ಕರೆಂಟು, ಹೊರಗಿನ ಕಮಾನಿಗೆ ಪಕ್ಕದ ಮನೆಯ ಕರೆಂಟು. ಎರಡರ ಅರ್ಥಿಂಗೂ ಬೇರೆ. ಸಂಜೆ ಒಂದು ಹದ ಮಳೆ ಬಂದು ಹೋಗಿತ್ತು. ಕಮಾನಿನ ಮೇಲಿದ್ದ ಪಾರ್ ಒಂದರ ಒಳಗೆ ನೀರು ಸೇರಿ, 230 ವೋಲ್ಟು ಡಿಎಂಎಕ್ಸ್ ತಂತಿಗೆ ಹತ್ತಿತು. ಈ ತಂತಿಗಳ ತುದಿಯಲ್ಲಿರುವ ಆರ್‌ಎಸ್-485 ಚಿಪ್ಪು ತಡೆಯುವುದು ಒಂದು ಕಡೆ ಮೈನಸ್ 7, ಇನ್ನೊಂದು ಕಡೆ ಪ್ಲಸ್ 12 ವೋಲ್ಟಷ್ಟೇ. ಪೆಟ್ಟಿಗೆಯ ಮೇಲೆ ‘ಐಸೊಲೇಟೆಡ್’ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಒಳಗೆ ಎಂಟು ಬಾಯಿಗಳಿಗೂ ಒಂದೇ ಸಪ್ಲೈ. ಎಂಟೂ ಒಟ್ಟಿಗೆ ಹೋದವು.

ಅಗ್ಗದ ಪಾರ್‌ಗಳಿಗೆ ಇನ್ನೊಂದು ಗುಣವಿದೆ. ಸಂಕೇತ ನಿಂತರೆ ಕೆಲವು ಸುಮ್ಮನೆ ಆರುತ್ತವೆ, ಕೆಲವು ಇದ್ದ ಹಾಗೇ ನಿಲ್ಲುತ್ತವೆ, ಕೆಲವು ತಮ್ಮಷ್ಟಕ್ಕೆ ತಾವು ಸೌಂಡ್ ಮೋಡಿಗೆ ಹೋಗಿ ಸದ್ದಿಗೆ ತಕ್ಕಂತೆ ಕುಣಿಯತೊಡಗುತ್ತವೆ. ಅವತ್ತು ಆದದ್ದೂ ಅದೇ. ರಂಗದ ಮೇಲೆ ಕೃಷ್ಣ ಅರ್ಜುನನಿಗೆ ಗೀತೋಪದೇಶ ಮಾಡುತ್ತಿದ್ದಾನೆ. ಹಾರ್ಮೋನಿಯಂ ತಬಲದ ತಾಳಕ್ಕೆ ಸರಿಯಾಗಿ ಕೆಂಪು, ಹಸಿರು, ನೀಲಿ ಡಿಸ್ಕೊ. ಮುಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರೊಬ್ಬರು ನನ್ನ ಕಡೆ ತಿರುಗಿ, “ಏನ್ಲಾ ಮಗಾ, ಪರಮಾತ್ಮ ಆರ್ಕೆಸ್ಟ್ರಾಕ್ ಬಂದವ್ನಾ?” ಅಂದರು. ಕೃಷ್ಣನ ಪಾತ್ರದ ಹುಡುಗ ಮಾತ್ರ ಅಲುಗಾಡಲಿಲ್ಲ. ಪಾತ್ರಕ್ಕೆ ಅಷ್ಟು ದುಡ್ಡು ಕೊಟ್ಟವನು ನಿಲ್ಲಿಸುತ್ತಾನೆಯೆ? ಮೇಷ್ಟ್ರು ಇನ್ನೊಂದು ಮಟ್ಟು ಏರಿಸಿದರು, ಲೈಟುಗಳು ಇನ್ನೂ ಜೋರಾಗಿ ಕುಣಿದವು.

ಅದಾದ ಮೇಲೆ ಸ್ವಂತಕ್ಕೊಂದು ಪೆಟ್ಟಿಗೆ ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಆ ಗಲ್ಲಿಗಳಲ್ಲಿ ಇಬ್ಬರು ಎದುರುಬದುರು ಬಂದರೆ ಒಬ್ಬ ಅಂಗಡಿಯೊಳಗೆ ಹತ್ತಿ ನಿಲ್ಲಬೇಕು. ಹತ್ತಿದ ಮೇಲೆ ಏನಾದರೂ ಕೊಳ್ಳಲೇಬೇಕಾಗುತ್ತದೆ, ವ್ಯಾಪಾರ ನಡೆಯುವುದೇ ಹಾಗೆ. ಹೆಸರಾಂತ ಕಂಪನಿಯ ಸ್ಪ್ಲಿಟರ್ ಒಂದರ ಬೆಲೆಗೆ ಅಂಥವೇ ಕಾಣುವ ಹಲವು ಪೆಟ್ಟಿಗೆಗಳು ಬರುತ್ತವೆ. ನಾನು ಕೇಳಿದೆ, “ಔಟ್‌ಪುಟ್ಟುಗಳು ಒಂದಕ್ಕೊಂದು ಐಸೊಲೇಟ್ ಆಗಿವೆಯಾ?” ಅಂಗಡಿಯವನು ಅಚ್ಚಾದ ಅಕ್ಷರದ ಮೇಲೆ ಬೆರಳಿಟ್ಟ. ನಾನು ಜೇಬಿನಿಂದ ಮಲ್ಟಿಮೀಟರ್ ತೆಗೆದೆ. ಅವನ ಮುಖ ಸಣ್ಣಗಾಯಿತು. “ಸಾರ್, ಮದುವೆ ಮನೆಗೋ, ಲ್ಯಾಬಿಗೋ?”

ಪರೀಕ್ಷೆ ಸುಲಭ. ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕದೆ, ಮೀಟರನ್ನು ಬೀಪ್‌ಗೆ ಇಟ್ಟು, ಮೊದಲ ಬಾಯಿಯ ಒಂದನೇ ಪಿನ್ನಿಗೆ ಒಂದು ಕಡ್ಡಿ, ಎರಡನೇ ಬಾಯಿಯ ಒಂದನೇ ಪಿನ್ನಿಗೆ ಇನ್ನೊಂದು. ಬೀಪ್ ಅಂದರೆ ಎರಡೂ ಒಳಗೊಳಗೇ ಕೈಹಿಡಿದಿವೆ. ಆಮೇಲೆ ಒಳಬರುವ ಬಾಯಿಯ ಒಂದನೇ ಪಿನ್ನಿಗೂ ಹೊರಹೋಗುವ ಬಾಯಿಯದಕ್ಕೂ. ಅಲ್ಲೂ ಬೀಪ್ ಬಂದರೆ ತಡೆಯೇ ಇಲ್ಲ, ಅಂಥದ್ದನ್ನು ಯಾವ ಬೆಲೆಗೂ ಮುಟ್ಟಬಾರದು. ಅಗ್ಗದವುಗಳಲ್ಲಿ ಹೆಚ್ಚಿನವು ಪೂರ್ತಿ ತಡೆ ಇರುವುದು, ಏನೂ ಇಲ್ಲದ್ದು, ಇವೆರಡರ ನಡುವಿನ ಜಾತಿ: ಒಳ ಬಾಯಿಗೂ ಹೊರ ಬಾಯಿಗಳಿಗೂ ನಡುವೆ ತಡೆ ಉಂಟು, ಹೊರ ಬಾಯಿಗಳ ನಡುವೆ ಇಲ್ಲ. ಅಂದರೆ ಬೆಂಕಿ ಬಿದ್ದರೆ ಸಂಕೇತ ಕಳಿಸುವ ನಿಮ್ಮ ಕಂಟ್ರೋಲರ್ ಉಳಿಯುತ್ತದೆ, ಸಾಲುಗಳೆಲ್ಲ ಹೋಗುತ್ತವೆ. ನಾನು ಆ ನಡುವಿನ ಜಾತಿಯದನ್ನೇ ಚೌಕಾಸಿ ಮಾಡಿ ತಂದೆ. ಡಬ್ಬ ಗಟ್ಟಿಯಾಗಿತ್ತು, ಬಾಯಿಗಳು ಬಿಗಿಯಾಗಿದ್ದವು. ಉಳಿದದ್ದನ್ನು ಮನೆಯಲ್ಲಿ ಮಾಡಿಕೊಳ್ಳಬಹುದು ಅನ್ನಿಸಿತು.

ಮುಚ್ಚಳ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಅರ್ಥ್ ತಂತಿ. ಅದನ್ನು ಡಬ್ಬಕ್ಕೆ ಸ್ಕ್ರೂ ಹಾಕಿ ಬಿಗಿದಿದ್ದರು. ಸ್ಕ್ರೂ ಕೂತದ್ದು ಕರಿ ಪೇಂಟಿನ ಮೇಲೆ. ಪೇಂಟಿಗೆ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಅರ್ಥಿಂಗ್ ಇತ್ತು, ಕೆಲಸ ಮಾಡುತ್ತಿರಲಿಲ್ಲ. ಚಾಕುವಿನಿಂದ ಪೇಂಟು ಕೆರೆದು, ಹಲ್ಲಿನ ವಾಷರ್ ಹಾಕಿ, ಪ್ಲಗ್ಗಿನ ಅರ್ಥ್ ಪಿನ್ನಿಗೂ ಡಬ್ಬಕ್ಕೂ ಬೀಪ್ ಬರುವವರೆಗೆ ಬಿಗಿದೆ. ಖರ್ಚು ಒಂದು ವಾಷರ್. ಇಡೀ ಪೆಟ್ಟಿಗೆಗೆ ಮಾಡಿದ ಸುಧಾರಣೆಗಳಲ್ಲಿ ಜೀವ ಉಳಿಸುವುದು ಇದೊಂದೇ ಎಂದು ಈಗಲೂ ಹೇಳುತ್ತೇನೆ.

ಒಳಬಾಯಿಯಲ್ಲಿದ್ದ ಆಪ್ಟೊ 6ಎನ್137, ಅದು ಪುಣ್ಯ. ಕೆಲವರು ಪವರ್ ಸಪ್ಲೈಗಳಲ್ಲಿ ಹಾಕುವ ಪಿಸಿ817 ಹಾಕುತ್ತಾರೆ. ಅದು ಏಳಲು ಬೀಳಲು ತೆಗೆದುಕೊಳ್ಳುವ ಹೊತ್ತಿಗೆ ನಾಲ್ಕು ಮೈಕ್ರೊಸೆಕೆಂಡಿನ ಬಿಟ್ಟು ಕಳೆದೇಹೋಗಿರುತ್ತದೆ. 6ಎನ್137 ಅದಕ್ಕಿಂತ ಎಷ್ಟೋ ಚುರುಕು. ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳನ್ನು ದಾಟಿಸಬಲ್ಲದು. ಆದರೆ ಅದರ 8 ಮತ್ತು 5ನೇ ಕಾಲುಗಳ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಬೇಕೆಂದು ತಯಾರಕರೇ ಬರೆದಿರುತ್ತಾರೆ. ಇದರಲ್ಲಿ ಅದಕ್ಕೆ ಜಾಗ ಬಿಟ್ಟಿದ್ದರು, ಕೆಪಾಸಿಟರ್ ಇರಲಿಲ್ಲ. ಉಳಿಸಿದ್ದು ಕೆಲವು ಪೈಸೆ. ಇಂಥ ಕಡೆ ಪೈಸೆ ಉಳಿಸುವವನಿಗೂ ದ್ವಾರಪಾಲಕನ ಪಾತ್ರಕ್ಕೆ ಚೌಕಾಸಿ ಮಾಡುವವನಿಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಬಾಯಿಗಳನ್ನು ಬೇರೆ ಮಾಡುವ ಕೆಲಸ. ಇದಕ್ಕೆ ಪ್ರತಿ ಬಾಯಿಗೂ ಸ್ವಂತ ಆಪ್ಟೊ, ಸ್ವಂತ ಚಿಪ್ಪು, ಸ್ವಂತ ಸಪ್ಲೈ ಬೇಕು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಡಿಸಿ-ಡಿಸಿ ಕನ್ವರ್ಟರುಗಳು ಸಿಗುತ್ತವೆ; 5 ವೋಲ್ಟು ತೆಗೆದುಕೊಂಡು, ಸಂಬಂಧ ಕಡಿದು, 5 ವೋಲ್ಟನ್ನೇ ಕೊಡುತ್ತವೆ. ಒಂದು ವ್ಯಾಟಿನದು ಧಾರಾಳ ಸಾಕು. ಅದರಲ್ಲೊಂದು ಕಿತಾಪತಿ ಇದೆ. ಹೊರೆ ಇಲ್ಲದಾಗ ಇವು 5 ವೋಲ್ಟಿನಲ್ಲಿ ನಿಲ್ಲದೆ ಮೇಲಕ್ಕೇರುತ್ತವೆ. ಆರ್‌ಎಸ್-485ಗೆ ಬಳಸುವ ಹಳೆಯ 75176 ಚಿಪ್ಪಿನ ಮಿತಿ 7 ವೋಲ್ಟು. ಆದ್ದರಿಂದ ಒಂದು 220 ಓಮ್ ರೆಸಿಸ್ಟರನ್ನು ಅಡ್ಡ ಹಾಕಿ ಸದಾ ಸ್ವಲ್ಪ ಹೊರೆ ಹೊರಿಸಿಟ್ಟೆ. ಎಂಟಕ್ಕೂ ಹೀಗೆ ಮಾಡಲು ಡಬ್ಬದಲ್ಲಿ ಜಾಗವಿಲ್ಲ, ಮಾಡಿದರೆ ಅಗ್ಗದ ಮಾತೂ ಉಳಿಯುವುದಿಲ್ಲ. ನಾಲ್ಕು ಬಾಯಿಗಳನ್ನು ಹೀಗೆ ಬೇರೆ ಮಾಡಿ, ಪಕ್ಕದಲ್ಲಿ ಹಸಿರು ಟೇಪು ಅಂಟಿಸಿದೆ. ಉಳಿದ ನಾಲ್ಕಕ್ಕೆ ಕೆಂಪು. ಹೊರಗಿನ ಕಮಾನು, ಬೇರೆ ಕರೆಂಟಿನ ಲೈಟು, ಮಳೆಗೆ ಸಿಗುವ ಲೈಟು ಏನಿದ್ದರೂ ಒಂದೊಂದಕ್ಕೆ ಒಂದು ಹಸಿರು ಬಾಯಿ. ಒಂದೇ ಜನರೇಟರಿನಲ್ಲಿ, ಒಂದೇ ಸೂರಿನಡಿ ಇರುವ ರಂಗದ ಲೈಟುಗಳೆಲ್ಲ ಕೆಂಪಿಗೆ. ಈ ಲೆಕ್ಕ ಸಹಾಯಕ ಹುಡುಗನಿಗೆ ಅರೆಗಳಿಗೆಯಲ್ಲಿ ಅರ್ಥವಾಯಿತು. “ಒಳ್ಗಡೆದು ಕೆಂಪು, ವರ್ಗಡೆದು ಅಸ್ರು, ಅಷ್ಟೇ ಅಲ್ವಾಣ್ಣ” ಅಂದ. ನಾನು ಇಷ್ಟುದ್ದ ಬರೆದದ್ದನ್ನು ಅವನು ಒಂದು ಸಾಲಿನಲ್ಲಿ ಮುಗಿಸಿದ.

ಮೂರು ಪಿನ್ನಿನ ತಂಟೆ ಇನ್ನೂ ಉಳಿದಿದೆ. ಕಟ್ಟಳೆಯ ಪ್ರಕಾರ ಡಿಎಂಎಕ್ಸ್‌ಗೆ ಐದು ಪಿನ್ನಿನ ಕನೆಕ್ಟರ್. ಅಗ್ಗದ ಲೈಟುಗಳೆಲ್ಲ ಬರುವುದು ಮೂರು ಪಿನ್ನಿನಲ್ಲಿ, ಮೈಕಿನ ಕೇಬಲ್ಲೂ ಅದೇ. ಆದ್ದರಿಂದ ಮೈಕ್ ಸೆಟ್ಟಿನ ಭಾವನಿಗೆ ಕೇಬಲ್ ಸಾಲದೆ ಬಂದಾಗ ನನ್ನ ಕೇಬಲ್ ಮಾಯ. ನನಗೆ ಸಾಲದೆ ಬಂದಾಗ ಅವನದು. ಡಿಎಂಎಕ್ಸ್ ಕೇಬಲ್ಲಿನಲ್ಲಿ ಮೈಕು ಚೆನ್ನಾಗಿಯೇ ಕೇಳುತ್ತದೆ. ಮೈಕಿನ ಕೇಬಲ್ಲಿನಲ್ಲಿ ಡಿಎಂಎಕ್ಸ್ ಸ್ವಲ್ಪ ದೂರ ಹೋಗುತ್ತದೆ, ಆಮೇಲೆ ತೊದಲುತ್ತದೆ. ಇದಕ್ಕಿಂತ ಅಪಾಯ, ಕತ್ತಲಲ್ಲಿ ಯಾರೋ ಲೈಟಿನ ಕೇಬಲ್ಲನ್ನು ಮಿಕ್ಸರಿಗೆ ಚುಚ್ಚಿಬಿಡುವುದು. ಮಿಕ್ಸರಿನಲ್ಲಿ ಮೈಕಿಗೆಂದು 48 ವೋಲ್ಟು ಬಿಟ್ಟಿದ್ದರೆ ಅದು ನೇರ ಲೈಟಿನ ಚಿಪ್ಪಿಗೆ. ಸ್ಪ್ಲಿಟರಿನ ಒಳಬಾಯಿಗೆ ಮಾತ್ರ ಐದು ಪಿನ್ನಿನದು ಹಾಕಿಸಿದೆ. ಕಂಟ್ರೋಲರಿನಿಂದ ರಂಗಕ್ಕೆ ಬರುವ ಉದ್ದನೆಯ ಕೇಬಲ್ ಹೀಗೆ ಭಾವನ ಕಣ್ಣಿಗೆ ಉಪಯೋಗಕ್ಕೆ ಬಾರದ ವಸ್ತುವಾಯಿತು. ಅದು ಈಗಲೂ ನನ್ನ ಬಳಿಯೇ ಇದೆ.

ವೈರ್‌ಲೆಸ್ ಹಾಕಿಬಿಡು, ಈ ಗೋಳೇ ಬೇಡ ಅನ್ನುವವರೂ ಇದ್ದಾರೆ. ಪುಟ್ಟ ಡಬ್ಬಿಗಳು, ಬೆಲೆಯೂ ಕಮ್ಮಿ. ಅವು ಮಾತಾಡುವುದು 2.4 ಗಿಗಾಹರ್ಟ್ಸಿನಲ್ಲಿ, ವೈಫೈ ಬ್ಲೂಟೂತ್‌ಗಳ ಸಂತೆಯಲ್ಲಿ. ಮದುವೆ ಛತ್ರದಲ್ಲಿ ನಡೆಯುತ್ತವೆ. ಕರಿಘಟ್ಟದ ತೇರಿನ ದಿನ, ಪ್ರತಿ ಕೈಯಲ್ಲೂ ಒಂದು ಮೊಬೈಲು ಇರುವ ಬಯಲಲ್ಲಿ, ನಾನಂತೂ ಅವನ್ನು ನಂಬುವುದಿಲ್ಲ. ಶ್ರೀರಂಗಪಟ್ಟಣದ ದಸರೆಗೆ ಬೆಂಗಳೂರಿನಿಂದ ಬರುವ ದೊಡ್ಡ ತಂಡಗಳ ಲೈಟಿಂಗನ್ನು ಪ್ರತಿ ವರ್ಷ ಹಿಂದುಗಡೆ ಹೋಗಿ ನೋಡುತ್ತೇನೆ. 1610ರಲ್ಲಿ ರಾಜ ಒಡೆಯರ್ ಆರಂಭಿಸಿದ ದಸರೆ ಅದು, ಮೈಸೂರಿನದಕ್ಕಿಂತ ಹಳೆಯದು. ಜನ ಮುಂದಿನಿಂದ ವೇದಿಕೆ ನೋಡುತ್ತಾರೆ, ನಾನು ಹಿಂದಿನಿಂದ ತಂತಿ ನೋಡುತ್ತೇನೆ. ಅಲ್ಲೂ ತಂತಿಯೇ, ಸ್ಪ್ಲಿಟರೇ.

ಸುಧಾರಿಸಿದ ಪೆಟ್ಟಿಗೆಗೆ ಕೊಂಡ ಬೆಲೆಯ ಮೇಲೆ ಬಿಡಿಭಾಗಗಳಿಗೆ ಆದ ಖರ್ಚು ಸೇರಿಸಿದರೂ ಹೆಸರಾಂತದ್ದರ ಅರ್ಧ ಮುಟ್ಟಲಿಲ್ಲ. ನನ್ನ ಕೂಲಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ, ನಾನೂ ಹಾಕಲಿಲ್ಲ. ಬೆಸುಗೆ ಕಡ್ಡಿ ಹಿಡಿದು ಅಭ್ಯಾಸವಿಲ್ಲದವರು ಇದಕ್ಕೆ ಕೈಹಾಕಬೇಡಿ; ಒಳಗೆ 230 ವೋಲ್ಟಿನ ಭಾಗವಿದೆ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಕೆಲಹೊತ್ತು ಕರೆಂಟು ಹಿಡಿದಿಟ್ಟಿರುತ್ತದೆ. ಪರಿಚಯದ ಟಿವಿ ರಿಪೇರಿಯವನಿಗೆ ಕೊಟ್ಟು, ಅರ್ಥ್ ಸ್ಕ್ರೂ ಒಂದನ್ನಾದರೂ ಸರಿಮಾಡಿಸಿಕೊಳ್ಳಿ. ಪ್ರತಿ ಸಾಲಿನ ತುದಿಗೂ ಎರಡು ಮತ್ತು ಮೂರನೇ ಪಿನ್ನಿನ ನಡುವೆ 120 ಓಮ್ ಬೆಸೆದ ಒಂದು ಕನೆಕ್ಟರ್ ಹಾಕಿ. ಅರ್ಧಕ್ಕರ್ಧ ‘ಲೈಟಿಗೆ ಮೈಮೇಲೆ ಬಂತು’ ಅನ್ನುವ ದೂರು ಅಲ್ಲಿಗೇ ನಿಲ್ಲುತ್ತದೆ.

ಈ ಸಲ ನಿಮ್ಮೂರಲ್ಲಿ ನಾಟಕ ಕಲಿಯುತ್ತಿದ್ದರೆ, ಲೈಟಿನ ಪಾರ್ಟಿಯನ್ನು ಗೊತ್ತು ಮಾಡುವಾಗ ಎಷ್ಟು ಮೂವಿಂಗ್ ಹೆಡ್ ಲೈಟು ತರುತ್ತೀರಿ ಎಂದು ಕೇಳುವ ಮೊದಲು, ಸ್ಪ್ಲಿಟರಿನ ಎರಡು ಬಾಯಿಗಳ ಒಂದನೇ ಪಿನ್ನುಗಳ ನಡುವೆ ಮೀಟರ್ ಹಿಡಿದು ತೋರಿಸಿ ಎಂದು ಕೇಳಿ. ಬೀಪ್ ಬಂದರೆ, ಹೊರಗಿನ ಕಮಾನಿನ ಲೈಟನ್ನು ಅದಕ್ಕೆ ಸೇರಿಸಗೊಡಬೇಡಿ.